ಬರಡೆಂದು ಬಗೆದ ಮರಳು

ನೆದರ್ಲೆಂಡ್ಸ್‌ನಿಂದ ಜರ್ಮನಿಯನ್ನು ಹಾದು ಡೆನ್ಮಾರ್ಕ್‌ವರೆಗೆ ಸುಮಾರು 500 ಕಿಲೋಮೀಟರ್ ಚಾಚಿಕೊಂಡಿರುವ ವಾಡೆನ್ ಕಡಲಿನಲ್ಲಿ ದಿನಕ್ಕೆರಡು ಸಲ ನೀರು ಇಳಿದು ಮೈಲುಗಟ್ಟಲೆ ನೆಲ ಬಯಲಾಗುತ್ತದೆ. ಆ ನೆಲದಲ್ಲಿ ಕೆಸರಿಗೊಂದು ಬೆಲೆ, ಮರಳಿಗೊಂದು ಬೆಲೆ. ದಂಡೆಯ ಒಕ್ಕಲುಗಳು ಸಾಲಾಗಿ ಗೂಟ ನೆಟ್ಟು, ನಡುವೆ ಕಡ್ಡಿಕೊಂಬೆ ಹೆಣೆದು, ಉಬ್ಬರ ತಂದ ಮೆಕ್ಕಲನ್ನು ತಡೆದು ನಿಲ್ಲಿಸುತ್ತಿದ್ದರು. ನೆಲ ಎತ್ತರವಾದ ಮೇಲೆ ಒಡ್ಡು ಕಟ್ಟಿ ಹೊಲ ಮಾಡಿಕೊಳ್ಳುತ್ತಿದ್ದರು. ಮೆಕ್ಕಲು ಸಾರವನ್ನು ಹಿಡಿದಿಡುತ್ತದೆ. ಮರಳು ಏನನ್ನೂ ಉಳಿಸಿಕೊಳ್ಳುವುದಿಲ್ಲ, ಹಾಗಾಗಿ ಅದು ಬರಡು. ಬೇಸಾಯದ ಲೆಕ್ಕಕ್ಕೆ ಈ ತೀರ್ಮಾನ ಸರಿಯೇ. ಆದರೆ ಇಪ್ಪತ್ತನೆಯ ಶತಮಾನದ ಬಹುಭಾಗ ವಿಜ್ಞಾನವೂ ಇದೇ ಅಳತೆಗೋಲನ್ನು ಹಿಡಿದು, ನೆಲ ಎಷ್ಟು ಕೂಡಿಟ್ಟಿದೆ ಎಂಬುದರಿಂದಲೇ ಅದು ಎಷ್ಟು ದುಡಿಯುತ್ತದೆಂದು ಅಂದಾಜು ಮಾಡಿತು. ಕಡಲಂಚಿನ ಸಾರಜನಕದ ಲೆಕ್ಕ ಅಷ್ಟು ಕಾಲ ತಪ್ಪಿದ್ದು ಇದರಿಂದಲೇ ಎಂಬುದು ನನ್ನ ವಾದ.

ಕಡಲಿಗೆ ಬಂದ ಸಾರಜನಕ ಎಲ್ಲಿ ಹೋಗುತ್ತದೆಂಬ ಪ್ರಶ್ನೆ ಹಳೆಯದು. ನೈಟ್ರೇಟನ್ನು ಒಡೆದು ಸಾರಜನಕವನ್ನು ಗಾಳಿಗೆ ಬಿಡುವ ಬ್ಯಾಕ್ಟೀರಿಯಾಗಳನ್ನು ಫ್ರಾನ್ಸಿನಲ್ಲಿ ಗೇಯೋನ್ ಮತ್ತು ಡುಪೆಟಿ 1886ರ ಹೊತ್ತಿಗೆ ಬೇರ್ಪಡಿಸಿ ತೋರಿಸಿದ್ದರು. ಜರ್ಮನಿಯ ಕೀಲ್‌ನಲ್ಲಿದ್ದ ಕಾರ್ಲ್ ಬ್ರಾಂಟ್ 1899ರಲ್ಲಿ ಅದನ್ನು ಇಡೀ ಕಡಲಿಗೆ ಅನ್ವಯಿಸಿದರು: ನದಿಗಳು ನೆಲದ ಸಾರಜನಕವನ್ನು ಬಿಡುವಿಲ್ಲದೆ ಕಡಲಿಗೆ ಸುರಿಯುತ್ತಿವೆ, ಅದನ್ನು ಹೊರಹಾಕುವ ಜೀವಿಗಳಿಲ್ಲದಿದ್ದರೆ ಕಡಲು ಎಂದೋ ವಿಷವಾಗಬೇಕಿತ್ತು. ಬೆಚ್ಚನೆಯ ಕಡಲುಗಳ ಬಡತನಕ್ಕೂ ಈ ಬ್ಯಾಕ್ಟೀರಿಯಾಗಳೇ ಕಾರಣವೆಂದು ಅವರು ಹೇಳಿದ್ದು ನಿಲ್ಲಲಿಲ್ಲ, ಮೂಲ ತರ್ಕ ಮಾತ್ರ ಗಟ್ಟಿಯಾಗಿತ್ತು. ಆ ಕೆಲಸ ನಡೆಯುವ ಜಾಗ ಎಲ್ಲಿ ಎಂದು ಹುಡುಕಿದವರು ಸಹಜವಾಗಿ ಕೆಸರಿಗೆ ಹೋದರು. ಕೊಳೆತ ಜೀವದ್ರವ್ಯ ಹೇರಳವಾಗಿರುವುದು ಅಲ್ಲಿ, ಆಮ್ಲಜನಕ ಮುಗಿದುಹೋಗಿರುವುದೂ ಅಲ್ಲಿ.

ಉಪಕರಣಗಳು ಬೆಳೆದದ್ದೂ ಕೆಸರಿನ ಅಂದಾಜಿನ ಮೇಲೆಯೇ. ಕೊಳವೆಯಿಂದ ತಳದ ಮಣ್ಣನ್ನು ಕೊರೆದು ತೆಗೆದು, ಬಾಯಿ ಮುಚ್ಚಿ, ನೀರಿನಲ್ಲಿ ಆಗುವ ಬದಲಾವಣೆ ಅಳೆಯುವುದು ರೂಢಿ. 1992ರಲ್ಲಿ ಡೆನ್ಮಾರ್ಕಿನ ಲಾರ್ಸ್ ಪೀಟರ್ ನೀಲ್ಸನ್ ಭಾರದ ಸಾರಜನಕವನ್ನು ಗುರುತಾಗಿ ಬಳಸುವ ವಿಧಾನ ಕೊಟ್ಟಾಗ ಈ ಅಳತೆ ಬಹಳ ಸೂಕ್ಷ್ಮವಾಯಿತು. ಕೆಸರಿನೊಳಕ್ಕೆ ನೈಟ್ರೇಟ್ ತಾನಾಗಿಯೇ ನಿಧಾನವಾಗಿ ಇಳಿಯುವುದರಿಂದ ಕೊಳವೆಯೊಳಗೂ ಅದರ ಸ್ಥಿತಿ ಹೆಚ್ಚು ಕೆಡುವುದಿಲ್ಲ. ಮರಳಿನ ಕಥೆ ಬೇರೆ. ಅಲೆಗಳ ಒತ್ತಡ ಮರಳಿನೊಳಕ್ಕೆ ನೀರನ್ನು ನುಗ್ಗಿಸುತ್ತದೆಂದು ವೆಬ್ ಮತ್ತು ತಿಯೋಡೋರ್ 1968ರಲ್ಲೇ ತೋರಿಸಿದ್ದರು. ತಳದ ಉಬ್ಬುತಗ್ಗುಗಳ ಮೇಲೆ ಹರಿಯುವ ನೀರೂ ಅದನ್ನೇ ಮಾಡುತ್ತದೆಂದು ಹ್ಯುಟೆಲ್ ಮತ್ತು ಗುಸ್ಟ್ 1992ರಲ್ಲಿ ಪ್ರಯೋಗದಿಂದ ಸ್ಪಷ್ಟಪಡಿಸಿದರು. ಕೊಳವೆಗೆ ತುಂಬಿದೊಡನೆ ಈ ಹರಿವು ನಿಲ್ಲುತ್ತದೆ, ಉಣಿಸು ನಿಂತ ಮರಳು ಸತ್ತಂತೆ ಕಾಣುತ್ತದೆ. ಮರಳಿನಲ್ಲಿ ಜೀವದ್ರವ್ಯವೇ ಇಷ್ಟು ಕಡಿಮೆಯಿರುವಾಗ ಕೆಲಸ ಹೇಗೆ ಹೆಚ್ಚಿದ್ದೀತು ಎಂಬ ಆಕ್ಷೇಪವಿದೆ. ಬೀಸುವ ಕಲ್ಲಿನಲ್ಲಿ ಕಾಳು ಉಳಿದಿಲ್ಲವೆಂದರೆ ಬೀಸಿ ಮುಗಿದಿದೆ ಎಂದೂ ಅರ್ಥವಾಗಬಹುದಲ್ಲವೇ? ನೀರು ಹೊತ್ತು ತಂದದ್ದು ಮರಳಿನಲ್ಲಿ ಬೇಗ ಕರಗಿಹೋಗುತ್ತದೆ. ಉಳಿದದ್ದನ್ನು ತೂಗಿದರೆ ದುಡಿಮೆ ತಿಳಿಯುವುದಿಲ್ಲ.

ಇದಕ್ಕಿಂತ ಬಲವಾದ ಆಕ್ಷೇಪ ಇನ್ನೊಂದು. ಆಮ್ಲಜನಕ ಇರುವಾಗ ಬ್ಯಾಕ್ಟೀರಿಯಾ ನೈಟ್ರೇಟನ್ನು ಉಸಿರಾಡುವುದಿಲ್ಲವೆಂಬುದು ಪಠ್ಯಪುಸ್ತಕದ ಮಾತು. ನೀರು ನುಗ್ಗಿದರೆ ಆಮ್ಲಜನಕವೂ ನುಗ್ಗುತ್ತದೆ. ಹಾಗಿದ್ದರೆ ಆ ಹರಿವೇ ಕೆಲಸವನ್ನು ಕೆಡಿಸಬೇಕಲ್ಲ? ಉತ್ತರ ಬಂದದ್ದು ಶ್ಪೀಕರೋಗ್ ದ್ವೀಪದ ದಕ್ಷಿಣಕ್ಕಿರುವ ಯಾನ್ಸಾಂಡ್ ಎಂಬ ಮರಳು ಬಯಲಿನಿಂದ. ಬ್ರೆಮೆನ್‌ನ ಮ್ಯಾಕ್ಸ್ ಪ್ಲಾಂಕ್ ಸಾಗರ ಸೂಕ್ಷ್ಮಜೀವಿ ಸಂಸ್ಥೆಯ ತಂಡ ಅಲ್ಲಿನ ಮರಳಿನಲ್ಲಿ ನಿಸರ್ಗದ ಹರಿವನ್ನು ಅನುಕರಿಸಿ ಪ್ರಯೋಗ ಮಾಡಿತು. ಆಮ್ಲಜನಕ ಇದ್ದಾಗಲೂ ನೈಟ್ರೇಟ್ ಸಾರಜನಕದ ಅನಿಲವಾಗಿ ಹೊರಬೀಳುತ್ತಿದೆಯೆಂದು 2010ರಲ್ಲಿ ವರದಿ ಮಾಡಿತು. ಮರಳಿನ ಕಣಗಳ ಮೈಮೇಲೆ ಆಮ್ಲಜನಕ ತಲುಪದ ಸೂಕ್ಷ್ಮ ಮೂಲೆಗಳಿರಬಹುದೆಂಬ ಸಂದೇಹ ನ್ಯಾಯವಾದದ್ದೇ. ಆ ಮೂಲೆಗಳೇ ಕಾರಣವೆಂದು ಒಪ್ಪಿಕೊಂಡರೂ ಕೆಲಸ ನಡೆಯುತ್ತಿರುವುದು ಮರಳಿನಲ್ಲಿಯೇ. ಗಂಟೆಗಂಟೆಗೂ ನೀರು ಬಂದು ಹೋಗುವ ಕಡೆ, ಒಂದೇ ಉಸಿರಿಗೆ ಕಟ್ಟುಬೀಳದ ಜೀವಿಗಳು ಗೆಲ್ಲುವುದು ನನಗಂತೂ ಸಹಜವಾಗಿ ತೋರುತ್ತದೆ.

ಹಾಗಾದರೆ ಕಡಲನ್ನು ಮರಳೇ ತೊಳೆಯುತ್ತದೆ, ನದಿಗಳ ಗೊಡವೆ ಬೇಡ ಎನ್ನಬಹುದೇ? ಖಂಡಿತ ಆಗದು. ಇದೇ ಯಾನ್ಸಾಂಡ್‌ನ ಆಳದಿಂದ, ನೀರು ಪೂರ್ತಿ ಇಳಿದಾಗ, ಅಮೋನಿಯಂ ತುಂಬಿದ ನೀರು ಅಂಚಿನಲ್ಲಿ ಒಸರುತ್ತದೆ. ಮರಳು ಕಳೆಯುವಂತೆ ಮರಳಿಸಲೂ ಬಲ್ಲದು. ನೈಟ್ರೇಟ್ ಒಡೆಯುವ ನಡುಹಂತದಲ್ಲಿ ಭೂಮಿಯನ್ನು ಬಿಸಿಮಾಡುವ ನೈಟ್ರಸ್ ಆಕ್ಸೈಡ್ ಕೂಡ ಹುಟ್ಟುತ್ತದೆ. ಇನ್ನು ಹೊರೆಯ ಮಾತು. ಬ್ರಾಂಟ್ ಬರೆದಾಗ ಗಾಳಿಯ ಸಾರಜನಕದಿಂದ ಕಾರ್ಖಾನೆಯಲ್ಲಿ ಅಮೋನಿಯಾ ತಯಾರಾಗುತ್ತಿರಲಿಲ್ಲ. ರೈನ್ ನದಿಯ ದಡದ ಒಪ್ಪಾವುವಿನಲ್ಲಿ ಅದು ಆರಂಭವಾದದ್ದು 1913ರಲ್ಲಿ. ಆಮೇಲೆ ಹೊಲಕ್ಕೆ ಸುರಿದ ಗೊಬ್ಬರದ ಪಾಲು ರೈನ್, ಎಲ್ಬೆಗಳ ಮೂಲಕ ಇದೇ ಬಯಲಿನ ಬಾಗಿಲಿಗೆ ಬಂತು. ಉತ್ತರ ಸಮುದ್ರದ ದೇಶಗಳು 1987ರಲ್ಲಿ ಲಂಡನ್ನಿನಲ್ಲಿ ಸೇರಿ, 1985ರಿಂದ 1995ರೊಳಗೆ ಸಾರಜನಕವನ್ನೂ ರಂಜಕವನ್ನೂ ಅರ್ಧಕ್ಕಿಳಿಸುವ ಮಾತು ಕೊಟ್ಟವು. ಚರಂಡಿಯಿಂದ ಬರುತ್ತಿದ್ದ ರಂಜಕ ಹೇಳಿದಷ್ಟು ಇಳಿಯಿತು, ಏಕೆಂದರೆ ಚರಂಡಿಗೊಂದು ಬಾಯಿಯಿದೆ, ಅಲ್ಲಿ ಶುದ್ಧೀಕರಣ ಘಟಕ ಕೂರಿಸಬಹುದು. ಲಕ್ಷಾಂತರ ಹೊಲಗಳಿಂದ ಜಿನುಗುವ ಸಾರಜನಕ ಆ ಗಡುವಿನೊಳಗೆ ಇಳಿಯಲಿಲ್ಲ. 1996ರ ಬೇಸಿಗೆಯಲ್ಲಿ, ಹಿಮಗಟ್ಟಿದ ಕಠಿಣ ಚಳಿಗಾಲದ ಬೆನ್ನಿಗೆ, ಕೊಳೆಯುವ ಜೀವದ್ರವ್ಯ ಮರಳಿನ ತಾಳಿಕೆಯನ್ನು ಮೀರಿ ಪೂರ್ವ ಫ್ರೀಸ್‌ಲ್ಯಾಂಡಿನ ಬಯಲುಗಳು ಅಲ್ಲಲ್ಲಿ ಕಪ್ಪಾಗಿ, ಆಮ್ಲಜನಕವಿಲ್ಲದೆ, ಮೇಲ್ಮೈಯವರೆಗೂ ಗಂಧಕದ ನಾತ ಹೊಡೆದವು.