ಮದ್ದು ಮತ್ತು ಮೈಗುಣ

ನಮ್ಮ ಲೊಕ್ಕನಹಳ್ಳಿಯ ಕಡೆ ‘ಮದ್ದು’ ಎಂಬ ಮಾತು ಎರಡು ಬಗೆಯಾಗಿ ನಡೆಯುತ್ತದೆ. ಕಾಯಿಲೆಯವನಿಗೆ ಕೊಡುವುದೂ ಮದ್ದು, ಹಗೆಯವನ ಅನ್ನಕ್ಕೆ ಬೆರೆಸುವುದೂ ಮದ್ದು. ಶಬ್ದಶಾಸ್ತ್ರದವರು ಇದಕ್ಕೆ ಏನು ಹೆಸರಿಟ್ಟರೂ ಇಡಲಿ, ವೈದ್ಯರು ಇದನ್ನು ಅಲ್ಲಗಳೆಯಲಾರರು. ಬುಸಲ್ಫಾನ್ ಎಂಬ ಔಷಧದ ಚರಿತ್ರೆಯನ್ನು ಓದುವಾಗ ನನಗೆ ಈ ಮಾತು ಮತ್ತೆ ಮತ್ತೆ ನೆನಪಾಯಿತು.

ತಲಸ್ಸೇಮಿಯಾದಂಥ ಹುಟ್ಟುರೋಗವಿರುವ ಮಗುವಿಗೆ ಒಡಹುಟ್ಟಿದವರ ಅಸ್ಥಿಮಜ್ಜೆಯನ್ನು ಕಸಿ ಮಾಡುವ ಮುನ್ನ ಅದರ ಸ್ವಂತ ಮಜ್ಜೆಯನ್ನು ಬರಿದುಮಾಡಬೇಕು. ಹೊಸ ಬಿತ್ತನೆಗೆ ಮೊದಲು ರೈತ ಹಳೆಯ ಕೂಳೆಯನ್ನು ಕೀಳುವಂತೆ. 1953ರ ಹೊತ್ತಿಗೆ ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಬಳಕೆಗೆ ಬಂದಿದ್ದ ಬುಸಲ್ಫಾನ್ ಮುಂದೆ ಈ ಕೆಲಸಕ್ಕೂ ಒದಗಿತು. ಪ್ರಮಾಣ ಕಡಿಮೆಯಾದರೆ ಕಸಿ ನಾಟದು. ಮಿತಿಮೀರಿದರೆ ಯಕೃತ್ತಿನ ಸಣ್ಣ ರಕ್ತನಾಳಗಳು ಕಟ್ಟಿ ಪ್ರಾಣಕ್ಕೇ ಸಂಚಕಾರ. ಬಹುಕಾಲ ವೈದ್ಯರು ಮಗುವಿನ ತೂಕ ನೋಡಿ ಅಳೆದು ಕೊಟ್ಟರು. ಆದರೆ ಒಂದೇ ತೂಕದ ಇಬ್ಬರಲ್ಲಿ ಒಬ್ಬನಿಗೆ ಒಗ್ಗಿದ್ದು ಇನ್ನೊಬ್ಬನಿಗೆ ಒಗ್ಗುತ್ತಿರಲಿಲ್ಲ.

ಒಬ್ಬೊಬ್ಬರ ದೇಹದ ರಸಾಯನವೂ ಬೇರೆ ಬೇರೆ ಎಂದು ಇಂಗ್ಲೆಂಡಿನ ಗ್ಯಾರಡ್ 1902ರಲ್ಲೇ ಸೂಚಿಸಿದ್ದರು. ಮಲೇರಿಯಾಕ್ಕೆ ಕೊಡುವ ಪ್ರಿಮಾಕ್ವಿನ್ ಕೆಲವರ ರಕ್ತಕಣಗಳನ್ನೇ ಒಡೆಯುವುದಕ್ಕೆ ಹುಟ್ಟಿನಿಂದ ಬಂದ ಕಿಣ್ವವೊಂದರ ಕೊರತೆ ಕಾರಣವೆಂದು 1956ರಲ್ಲಿ ತಿಳಿಯಿತು. 1959ರಲ್ಲಿ ಜರ್ಮನಿಯ ಫೋಗೆಲ್ ಈ ವಿದ್ಯೆಗೆ ‘ಫಾರ್ಮಕೋಜೆನೆಟಿಕ್ಸ್’ ಎಂದು ನಾಮಕರಣ ಮಾಡಿದರು. ‘ಅವನ ಮೈಗೆ ಆಗಿಬರೋದಿಲ್ಲ ಕಣಪ್ಪ’ ಎನ್ನುವ ನಮ್ಮೂರ ಮುದುಕಿಯರಿಗೆ ಅಷ್ಟು ಉದ್ದದ ಹೆಸರು ಬೇಕಾಗಿರಲಿಲ್ಲ.

ಭಾರತದಲ್ಲಿ ಮಜ್ಜೆಯ ಕಸಿ 1983ರಲ್ಲಿ ಮುಂಬಯಿಯ ಟಾಟಾ ಆಸ್ಪತ್ರೆಯಲ್ಲಿ ಮೊದಲಾಯಿತು. 1986ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ. ವೆಲ್ಲೂರಿನವರು ತಲಸ್ಸೇಮಿಯಾ ರೋಗಿಗಳ ಕಸಿಗಳನ್ನು ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನ ನಾವು ಹೆಮ್ಮೆಪಡಬೇಕಾದಂಥದು. ಜಿ.ಎಸ್.ಟಿ.ಎಂ.-1 ಎಂಬ ಜೀನು ಹುಟ್ಟಿನಿಂದಲೇ ಇಲ್ಲದವರಲ್ಲಿ ಯಕೃತ್ತಿನ ಆ ಕೇಡು ಹೆಚ್ಚಾಗಿ ಕಂಡಿತು. ಸೋಜಿಗವೆಂದರೆ, ಕೇಡಿಗೆ ಒಳಗಾದವರ ರಕ್ತದಲ್ಲಿ ಔಷಧ ಹೆಚ್ಚಿರಲಿಲ್ಲ, ಕಡಿಮೆಯೇ ಇತ್ತು. ದೇಹ ಅದನ್ನು ಬೇಗ ಬೇಗ ಒಡೆದುಹಾಕುತ್ತಿತ್ತು. ಹಾಗೆ ಒಡೆದಾಗ ಹುಟ್ಟುವ ಪದಾರ್ಥಗಳೇ ಹಾನಿಗೆ ಕಾರಣವಿರಬಹುದೆಂದು ಅವರು ಊಹಿಸಿದರು. ಬರಿಯ ತೂಕದ ಲೆಕ್ಕ ಇದನ್ನು ಎಂದೂ ತೋರಿಸುತ್ತಿರಲಿಲ್ಲ.

ನಮ್ಮ ಬೆಟ್ಟಗಳ ಸೋಲಿಗರಲ್ಲಿ ಸಿಕಲ್ ಸೆಲ್ ಎಂಬ ವಂಶಪಾರಂಪರ್ಯದ ರಕ್ತರೋಗವುಂಟು. ತಕ್ಕ ದಾನಿ ದೊರೆತರೆ ಅದನ್ನೂ ಕಸಿಯಿಂದ ವಾಸಿಮಾಡಬಹುದು. ಪೋಡಿನ ಕೂಸೊಂದು ನಾಳೆ ಆ ಮಂಚವೇರಿದರೆ, ಅದರ ಮದ್ದಿನ ಪಟ್ಟಿ ಯಾರ ಮೈ ನೋಡಿ ಬರೆದದ್ದು ಎಂದು ಕೇಳುವ ಹಕ್ಕು ಅದರ ತಾಯಿಗಿದೆ. ವೆಲ್ಲೂರಿನ ಲೆಕ್ಕವನ್ನು ಹಾಗೆಯೇ ಅದರ ಮೇಲೆ ಹೊರಿಸಲಾಗದು. ರೋಗವೂ ಬೇರೆ, ಕುಲವೂ ಬೇರೆ. ಬುಸಲ್ಫಾನಿನ ಮಟ್ಟಿಗೆ ಜೀನಿನ ಪರೀಕ್ಷೆಯೊಂದೇ ಇನ್ನೂ ಪ್ರಮಾಣವನ್ನು ನಿಶ್ಚಯಿಸಲಾರದು. ಮೊದಲ ಸಲ ಮದ್ದು ಕೊಟ್ಟು, ಗಂಟೆಗಂಟೆಗೆ ಕೂಸಿನ ರಕ್ತ ತೆಗೆದು ಅಳೆದು, ಆಮೇಲೆ ಮುಂದಿನ ಪ್ರಮಾಣವನ್ನು ತಿದ್ದಬೇಕು.