ಓಲೆ, ಕಡತ, ಕಾಗದ

ಬೀದರಿನ ಸಮೀಪದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾ ವಲಿಯ ಗೋರಿಯ ಒಳಗೋಡೆಗಳ ತುಂಬ ಬಣ್ಣದ ಲಿಪಿಚಿತ್ರಗಳಿವೆ. ಆ ತಿರುವುಗಳು ಲೇಖನಿ, ಮಸಿ, ಕಾಗದಗಳಲ್ಲಿ ಪಳಗಿದ ಪರಂಪರೆಯವು. ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನನ ಪತ್ರಗಳೇ ಒಂದು ಗ್ರಂಥವಾಗಿವೆ. ನಮ್ಮ ‘ಕಾಗದ’ ಪಾರಸಿಯಿಂದ ಬಂದ ಶಬ್ದ. ಬರೆಯುವ ವಸ್ತುವಿನ ಹೆಸರೇ ಪತ್ರಕ್ಕೂ ಹೆಸರಾಯಿತು; ಹಿಂದೆ ‘ಓಲೆ’ಗೂ ಹೀಗೆಯೇ ಆಗಿತ್ತು.

ಕೊರಿಯದವರು ಕಾಡುಹಿಪ್ಪುನೇರಳೆಯ ಜಾತಿಯ ಮರದ ತೊಗಟೆಯಿಂದ ಹಂಜಿ ಎಂಬ ಕಾಗದವನ್ನು ಮಾಡಿ ಗ್ರಂಥಕ್ಕೂ ಬಾಗಿಲಿಗೂ, ಎಣ್ಣೆಯೂಡಿ ನೆಲಹಾಸಿಗೂ ಬಳಸಿದರು. ನಮ್ಮಲ್ಲಿ ಒಂದೇ ವಸ್ತುವಿಗೆ ಅಷ್ಟು ಪಾತ್ರಗಳಿರಲಿಲ್ಲ. ಶಾಸ್ತ್ರಕ್ಕೆ ತಾಳೆಯೋಲೆ, ಲೆಕ್ಕಪತ್ರಕ್ಕೆ ಕಡತ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿದರೆ ಕಡತ. ಬಳಪದಿಂದ ಬರೆಯಬಹುದು, ಒರೆಸಿ ಮತ್ತೆ ಬರೆಯಬಹುದು. ಇಂದು ಕಚೇರಿಗಳಲ್ಲಿ ‘ಕಡತ’ವೆಂದರೆ ಕಾಗದದ ಕಟ್ಟು, ಬಟ್ಟೆ ಹೋಗಿ ಹೆಸರು ಉಳಿದಿದೆ!

ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿದ್ದು ಓಲೆಯ ಕಾಲದಲ್ಲಿ. ಓಲೆ ಜೀರ್ಣವಾಗುವ ಮುನ್ನ ಮರುಪ್ರತಿಯಾಗದಿದ್ದರೆ ಕೃತಿಯೇ ಇಲ್ಲವಾಗುತ್ತಿತ್ತು. ಶಾಸ್ತ್ರದಾನದ ಮಹತ್ವವನ್ನು ಇಲ್ಲಿಂದಲೇ ಅರಿಯಬೇಕು. ಮೂಡಬಿದಿರೆಯಲ್ಲಿ ಹಳಗನ್ನಡ ಲಿಪಿಯ ಓಲೆಗಳಲ್ಲಿ ಉಳಿದಿದ್ದ ಧವಲಾ ಟೀಕೆ ಶತಮಾನಗಳ ಕಾಲ ದರ್ಶನಕ್ಕೆ ದೊರೆತರೂ ಅಧ್ಯಯನಕ್ಕೆ ದೊರೆಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಾಗದದ ಪ್ರತಿ ಮಾಡುವ ಕೆಲಸ ಮೊದಲಾಯಿತು. ಗಜಪತಿ ಉಪಾಧ್ಯಾಯರು ಗುಟ್ಟಾಗಿ ಬರೆದುಕೊಂಡ ಕನ್ನಡ ಲಿಪಿಯ ಪ್ರತಿ ಸಹಾರನಪುರವನ್ನು ಸೇರಿತು. ಅವರ ನಡೆ ಸರಿಯೇ ಎಂಬ ಚರ್ಚೆ ಇರಲಿ. ಆ ಹಾಳೆಗಳಿಂದ ಹಬ್ಬಿದ ಪ್ರತಿಗಳನ್ನು ಆಧರಿಸಿಯೇ ಹೀರಾಲಾಲ ಜೈನರು 1939ರಲ್ಲಿ ಮೊದಲ ಸಂಪುಟವನ್ನು ಅಚ್ಚಿಗೆ ತಂದರು.