ಲಿಯು ಸಿಶಿನ್ ಯಾರು? ಕರೆಂಟ್ ಸ್ಥಾವರದ ಡ್ಯೂಟಿ ಮಾಡ್ತಲೇ ಕಾದಂಬರಿ ಬರೆದವರು

ಚೀನಾದ ವೈಜ್ಞಾನಿಕ ಕಾದಂಬರಿಕಾರ ಲಿಯು ಸಿಶಿನ್ ಹುಟ್ಟಿದ್ದು 1963ರಲ್ಲಿ. 1988ರಲ್ಲಿ ಓದು ಮುಗಿಸಿ, ಶಾಂಕ್ಸಿ ಪ್ರಾಂತ್ಯದ ವಿದ್ಯುತ್ ಸ್ಥಾವರವೊಂದರಲ್ಲಿ ಕಂಪ್ಯೂಟರ್ ಇಂಜಿನಿಯರ್ ಆದರು. ಬೀಜಿಂಗ್, ಶಾಂಘೈನಂಥ ದೊಡ್ಡ ಊರಲ್ಲ ಅದು. ಸಂಬಳ ಮನೆಗೆ, ಬಿಡುವು ಕಥೆಗೆ. ಡ್ಯೂಟಿ ಹೊತ್ತಲ್ಲೂ ಕಂಪ್ಯೂಟರ್ ಮುಂದೆ ಕೂತು ಕಥೆ ಬರೆದಿದ್ದುಂಟು ಅಂತ ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ.

'ದಿ ತ್ರೀ ಬಾಡಿ ಪ್ರಾಬ್ಲಮ್' ಕಾದಂಬರಿ 2006ರಲ್ಲಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ, 2008ರಲ್ಲಿ ಪುಸ್ತಕವಾಗಿ ಬಂತು. ಕೆನ್ ಲಿಯು ಇಂಗ್ಲಿಷಿಗೆ ಅನುವಾದಿಸಿದ ಮೇಲೆ, 2015ರಲ್ಲಿ ಹ್ಯೂಗೋ ಪ್ರಶಸ್ತಿ ಸಿಕ್ತು. ಅತ್ಯುತ್ತಮ ಕಾದಂಬರಿಗೆ ಈ ಪ್ರಶಸ್ತಿ ಗೆದ್ದ ಏಷ್ಯಾದ ಮೊದಲ ಲೇಖಕ ಇವರೇ. 2024ರಲ್ಲಿ ನೆಟ್‌ಫ್ಲಿಕ್ಸ್ ಸರಣಿಯೂ ಆಯ್ತು. ವಿಶೇಷ ಅಂದ್ರೆ, ಆ ಕಾದಂಬರಿ ಬರೆಯೋವಾಗ ಲಿಯು ಇನ್ನೂ ಸ್ಥಾವರದ ನೌಕರರೇ ಆಗಿದ್ದರು.